ಮೈಕಣ್ಣನ ಕ್ಯಾಮೆರಾ, ಅಮ್ಮನ ರೊಟ್ಟಿ

"ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಸರಿ, ನನ್ನಮ್ಮನ ರೊಟ್ಟಿಯ ರುಚಿಯನ್ನ ಹುಡುಕಿ, ಕ್ಯಾಮೆರಾದಲ್ಲಿ ಹಿಡಿದು ತಂದೇ ತರ್ತೀನಿ!" ಎಂದು ಮೈಕಣ್ಣ ಘೋಷಿಸಿದಾಗ ಪಕ್ಕದ ಮನೆಯವರೂ ಕಿಟಕಿ ತೆರೆದು ಕೇಳಿಸಿಕೊಂಡರು. ತೆರೆಯದಿದ್ದರೂ ಕೇಳಿಸುತ್ತಿತ್ತು. ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು, ಯಾವ ಬಸ್ಸು ಹೊರಟಿತು, ಯಾವುದು ಕೆಟ್ಟು ನಿಂತಿತು ಎಂದು ಆಯುಸ್ಸೆಲ್ಲ ಸಾರಿದ ಗಂಟಲು ಅದು. ನಿವೃತ್ತಿಯ ದಿನ ಮೈಕು ಕಚೇರಿಯಲ್ಲೇ ಉಳಿಯಿತು, ಗಂಟಲು ಮಾತ್ರ ಮನೆಗೆ ಬಂತು!

ಗಂಟಲಿನ ಜೊತೆಗೆ ಒಂದು ಕ್ಯಾಮೆರಾವೂ ಬಂತು, ಸಹೋದ್ಯೋಗಿಗಳ ಬೀಳ್ಕೊಡುಗೆಯ ಕಾಣಿಕೆಯಾಗಿ. ಅಪ್ಪನ ಕೈಗೊಂದು ಕೆಲಸವಿರಲಿ, ಅಮ್ಮನ ಕಿವಿಗೊಂದು ಬಿಡುವಿರಲಿ ಎಂದು ಮಗಳು ಒಂದು ಶಿಬಿರ ಹುಡುಕಿ ಹಣ ಕಟ್ಟಿದಳು. ಪರದೇಶದ ಒಂದು ಊರಿನಲ್ಲಿ ಸಂತೆ ಸುತ್ತಿಸಿ, ಅಡುಗೆಮನೆಗಳ ಒಳಹೊಕ್ಕಿಸಿ, ಊಟ ತಿಂಡಿಯ ವಿಡಿಯೋ ತೆಗೆಯುವುದನ್ನು ಕಲಿಸುವ ಶಿಬಿರ.

"ನೀವು ಹೋಗಿ ಬನ್ನಿ, ನಾನ್ಯಾಕೆ ಅಲ್ಲಿಗೆ?" ಎಂದಳು ಹೆಂಡತಿ.

"ನೀನಿಲ್ದೆ ಹೋದ್ರೆ ನನ್ನ ಸಾಕ್ಸ್ ಎಲ್ಲಿದೆ ಅಂತ ಅಲ್ಲಿ ಯಾರಿಗೆ ಗೊತ್ತು?"

ಅಮ್ಮನ ಕೈರುಚಿ ತಪ್ಪಿ ಎಷ್ಟೋ ವರ್ಷವಾಗಿದ್ದರೂ ಆ ರೊಟ್ಟಿ ಮಾತ್ರ ಮೈಕಣ್ಣನ ನಾಲಿಗೆಯ ಮೇಲೆ ಮನೆ ಮಾಡಿತ್ತು. ಒಲೆಯ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತ ಪುಟ್ಟ ಹುಡುಗ, ಮುಂದೆ ಸೌದೆಯ ಬೆಂಕಿ, ಬೆಂಕಿಯ ಬೆಳಕಿಗೆ ಮಿನುಗುವ ಅಮ್ಮನ ಬಳೆ, ತಟ್ಟೆಯಿಲ್ಲದೆ ನೇರ ಅಂಗೈಗೇ ಬೀಳುವ ಅರ್ಧ ರೊಟ್ಟಿ. ಕಚ್ಚಿದರೆ ಮೊದಲು ಗರಿಗರಿ, ಆಮೇಲೆ ಸಿಹಿ, ಕೊನೆಗೆ ಮೂಗಿನವರೆಗೆ ಏರುವ ಅದೆಂಥದೋ ಘಮ. ಆ ಘಮಕ್ಕೆ ಮೈಕಣ್ಣ ಆಗಾಗ ಕಾರಣ ಕಂಡುಹಿಡಿಯುತ್ತಿದ್ದ. ಒಂದು ವರ್ಷ ಅದು ಬಾವಿ ನೀರಿನ ಗುಣವಾಗಿತ್ತು, ಇನ್ನೊಂದು ವರ್ಷ ಬೀಸುವ ಕಲ್ಲಿನ ಮಹಿಮೆ. ಅಮ್ಮ ತೀರಿಹೋದ ಮೇಲೆ ಮದುವೆಯಾಗಿ ಬಂದ ಹೆಂಡತಿಗೆ ಮಾತ್ರ ಅವನ ತೀರ್ಪು ಒಂದೇ.

"ಚೆನ್ನಾಗಿದೆ. ಆದ್ರೆ ಅಮ್ಮನ ಥರ ಇಲ್ಲ."

ಪಾಪ, ಅವಳೇನು ಕಡಿಮೆ ಪಾಡುಪಟ್ಟಳೇ! ಹಿಟ್ಟನ್ನು ನುಣ್ಣಗೆ ಬೀಸಿಸಿದಳು, ತರಿಯಾಗಿ ಬೀಸಿಸಿದಳು. ಬಿಸಿನೀರಿನಲ್ಲಿ ಕಲಸಿದಳು, ತಣ್ಣೀರಿನಲ್ಲಿ ಕಲಸಿದಳು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ದೂರದಿಂದ ಕಬ್ಬಿಣದ ಕಾವಲಿ ತಂದಳು. ತೀರ್ಪು ಬದಲಾಗಲಿಲ್ಲ. ಮೇಲ್ಮನವಿಗೆ ನ್ಯಾಯಾಲಯವೂ ಇರಲಿಲ್ಲ.

ಅಂತೂ ಶಿಬಿರ ಶುರುವಾಯಿತು. ಕ್ಯಾಮೆರಾ ಹಿಡಿದವನು ಮೈಕಣ್ಣ. ಕ್ಯಾಮೆರಾದ ಚೀಲ, ಮೂರು ಕಾಲಿನ ಸ್ಟ್ಯಾಂಡು, ಛತ್ರಿ, ನೀರಿನ ಬಾಟಲಿ, ಅವನ ಮಾತ್ರೆ ಡಬ್ಬಿ ಹಿಡಿದವಳು ಅವಳು. ದೂರದಿಂದ ನೋಡಿದವರಿಗೆ ಒಬ್ಬ ಕಲಾವಿದನೂ ಅವನ ಹಿಂದೆ ಒಂದು ಗೋಡೌನೂ ನಡೆದು ಬರುತ್ತಿರುವಂತೆ ಕಾಣುತ್ತಿತ್ತು!

ಕಲಿಸುವ ಟೀಚರಮ್ಮ ಮೊದಲ ದಿನವೇ ಇಂಗ್ಲಿಷಿನಲ್ಲಿ ಕಟ್ಟಪ್ಪಣೆ ಮಾಡಿದಳು. "ಕ್ಯಾಮೆರಾ ಓಡುವಾಗ ಬಾಯಿ ಮುಚ್ಚಿರಬೇಕು. ಬೇಯುವ ಅಡುಗೆಗೆ ಅದರದೇ ಸದ್ದಿದೆ. ಅದು ಕೇಳಿಸಬೇಕು."

"ಬಾಯಿ ಮುಚ್ಚೋದು ಯಾವ ಮಹಾ ವಿದ್ಯೆ!" ಎಂದ ಮೈಕಣ್ಣ. ಆ ಮಾತಿಗೇ ಸಂತೆಯ ಪಾರಿವಾಳಗಳೆಲ್ಲ ಒಮ್ಮೆಲೇ ಹಾರಿದವು.

ಸಂತೆಯಲ್ಲಿ ಅವನ ಸಾಹಸಗಳನ್ನು ಹೇಳಿ ಪೂರೈಸದು. ಹಣ್ಣಿನ ರಾಶಿಯನ್ನು ಪೂರ್ತಿ ಚೌಕಟ್ಟಿಗೆ ತರಲು ಹಿಂದೆ ಹಿಂದೆ ನಡೆದು, ಟೊಮೇಟೊ ಬುಟ್ಟಿಯಲ್ಲಿ ಸಿಂಹಾಸನಾರೂಢನಾದ. ಜಜ್ಜಿದ್ದನ್ನೆಲ್ಲ ಹೆಂಡತಿ ಕೊಂಡು ತಂದಳು. ಅವರು ಇಳಿದುಕೊಂಡಿದ್ದ ಮನೆಯ ಒಡತಿಯೂ ಸೇರಿ ಎಲ್ಲರೂ ಎರಡು ದಿನ ಟೊಮೇಟೊ ಸಾರನ್ನೇ ಉಂಡರು. ಮನೆಯೊಡತಿಗೆ ಇವರ ಭಾಷೆ ಬಾರದು, ಇವರಿಗೆ ಅವಳದು ತಿಳಿಯದು. ಆದರೂ ಎರಡನೆಯ ದಿನಕ್ಕೇ ಇಬ್ಬರು ಹೆಂಗಸರೂ ಸಿಂಕಿನ ಮುಂದೆ ಅಕ್ಕತಂಗಿಯರಂತೆ ನಿಂತು ಕೈಬಾಯಿ ಸನ್ನೆಯಲ್ಲಿ ಊರ ಮಾತೆಲ್ಲ ಆಡುತ್ತಿದ್ದರು.

ಆ ಊರಲ್ಲಿ ಬೀದಿಗೊಂದು ರೊಟ್ಟಿ ಅಂಗಡಿ. ಮೈಕಣ್ಣ ಪ್ರತಿಯೊಂದನ್ನೂ ಚಿತ್ರಿಸಿದ, ಪ್ರತಿಯೊಂದರ ರೊಟ್ಟಿಯನ್ನೂ ಕಚ್ಚಿದ, ಕಣ್ಣು ಮುಚ್ಚಿ ಮೆದ್ದ, ಆಮೇಲೆ ತಲೆಯಾಡಿಸಿದ.

"ಊಹೂಂ. ಚೆನ್ನಾಗಿದೆ. ಆದ್ರೆ ಅಮ್ಮನ ಥರ ಇಲ್ಲ."

ಒಂದು ಅಂಗಡಿಯಲ್ಲಿ, ಮಾತು ಅರ್ಥವಾಗದಿದ್ದರೂ ರೊಟ್ಟಿ ಸುಡುತ್ತಿದ್ದ ಹೆಂಗಸಿನ ಮುಖ ಸಪ್ಪಗಾಯಿತು. ಮೈಕಣ್ಣನ ಹೆಂಡತಿ ಅವಳ ಹಿಟ್ಟಿನ ಕೈ ಹಿಡಿದು, "ಬೇಜಾರು ಮಾಡ್ಕೋಬೇಡಮ್ಮ, ನಾನು ಮೂವತ್ತು ವರ್ಷದಿಂದ ಇದನ್ನೇ ಕೇಳ್ತಾ ಇದ್ದೀನಿ" ಎಂದಳು ಅಚ್ಚ ಕನ್ನಡದಲ್ಲೇ. ಆ ಹೆಂಗಸು ಅರ್ಥವಾದವಳಂತೆ ನಕ್ಕು ಇನ್ನೊಂದು ರೊಟ್ಟಿಯನ್ನು ಅವಳಿಗೆ ಮಾತ್ರ ಕೊಟ್ಟಳು.

ಶಿಬಿರ ಮುಗಿಯುವ ಹೊತ್ತಿಗೆ ಮೈಕಣ್ಣನಿಗೆ ಗಾಬರಿ ಹತ್ತಿತು. ಕಚ್ಚಿದ ರೊಟ್ಟಿಗಳ ನಡುವೆ ಅಮ್ಮನ ರೊಟ್ಟಿಯ ನೆನಪೇ ಮಸುಕಾಗತೊಡಗಿತ್ತು. ಹುಡುಕಲು ಹೊರಟವನು ಇದ್ದದ್ದನ್ನೂ ಕಳೆದುಕೊಂಡು ಹೋಗುತ್ತೇನೋ ಎಂಬ ಭಯ. ಅಷ್ಟರಲ್ಲಿ ಟೀಚರಮ್ಮ ಕೊನೆಯ ಪಾಠ ಕೊಟ್ಟಳು. ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಯ ಒಂದು ಅಡುಗೆ ಮಾಡಿ ಚಿತ್ರಿಸಬೇಕು.

"ನಾವು ರೊಟ್ಟಿ ಮಾಡ್ತೀವಿ!" ಎಂದು ಮೈಕಣ್ಣ ಕೈಯೆತ್ತಿದ. ಆ 'ನಾವು' ಎಂಬುದರೊಳಗೆ ಹಿಟ್ಟು ನಾದುವವರು ಯಾರೆಂದು ಯಾರೂ ಕೇಳಲಿಲ್ಲ. ಹೆಂಡತಿ ಸೆರಗು ಸಿಕ್ಕಿಸಿಕೊಂಡಳು.

ಮನೆಯೊಡತಿಯ ಒಲೆ ಕಪ್ಪು ಗಾಜಿನ ಹಲಗೆಯಂತಿತ್ತು. ಉರಿ ಇಲ್ಲ, ಹೊಗೆ ಇಲ್ಲ, ತಿರುಗಿಸಿದರೆ ಗಾಜಿನಡಿಯಲ್ಲಿ ಒಂದು ಕೆಂಪು ಬಳೆ ಮೂಡುತ್ತದೆ, ಅಷ್ಟೇ. "ಬೆಂಕಿನೇ ಕಾಣಲ್ಲ, ಇದನ್ನ ನಂಬೋದು ಹೇಗೆ?" ಎಂದು ಗೊಣಗುತ್ತಲೇ ಅವಳು ಕಾವಲಿ ಇಟ್ಟಳು. ಮೈಕಣ್ಣ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಕಾವಲಿಯ ಮೇಲೆ ಗುರಿಯಿಟ್ಟು, ಓಡಲು ಬಿಟ್ಟ. ರೊಟ್ಟಿ ಬಿತ್ತು. ಓಡುತ್ತಿದೆಯೋ ಇಲ್ಲವೋ ನೋಡೋಣವೆಂದರೆ ಕನ್ನಡಕ ಇಲ್ಲ. ಹುಡುಕಲು ಕೋಣೆಗೆ ಹೋದ.

"ಇವಳೇ…! ನನ್ನ ಕನ್ನಡಕ ಎಲ್ಲಿ?"

"ಕಿಟಕಿ ಹತ್ರ ನೋಡಿ!"

"ಇಲ್ಲ ಕಣೇ! ಬಾ ಇಲ್ಲಿ!"

ಅವಳು ಒಲೆ ಆರಿಸಿ, ಕೈ ಒರೆಸಿಕೊಂಡು ಹೋದಳು. ಕನ್ನಡಕ ಕಿಟಕಿಯ ಹತ್ತಿರವೇ ಇತ್ತು. ಅದರ ಮೇಲೆ ಇವನೇ ಹಾಸಿದ್ದ ಪೇಪರ್ ಇತ್ತು. ಮರಳಿ ಬಂದರೆ ರೊಟ್ಟಿ ಕರಿದು!

"ಅಯ್ಯೋ, ನನ್ನ ಶಾಟು ಹಾಳಾಯ್ತಲ್ಲೇ!"

"ಶಾಟಲ್ಲ, ರೊಟ್ಟಿ."

ಎರಡನೆಯ ರೊಟ್ಟಿ ಉಬ್ಬತೊಡಗಿದಾಗ ತನ್ನ ಹಳದಿ ಅಂಗಿಯ ಬಣ್ಣ ಕಾವಲಿಯ ಮೇಲೆ ಬೀಳುತ್ತಿದೆಯೆಂದು ಅವನಿಗೆ ಹೊಳೆಯಿತು. "ಇವಳೇ…! ನೀಲಿ ಅಂಗಿ ಎಲ್ಲಿಟ್ಟಿದ್ದೀಯಾ?" ಮೂರನೆಯದಕ್ಕೆ ಕ್ಯಾಮೆರಾದ ಬ್ಯಾಟರಿ ಮುಗಿಯುವ ಸೂಚನೆ ತೋರಿಸಿತು. "ಇವಳೇ…! ಇನ್ನೊಂದು ಬ್ಯಾಟರಿ?" ಅದು ಸೂಟ್‌ಕೇಸಿನ ತಳದಲ್ಲಿ, ಸಾಕ್ಸಿನ ಜೋಡಿಯೊಳಗೆ ಬೆಚ್ಚಗೆ ಮಲಗಿತ್ತು. ಅವಳು ಮಂಡಿಯೂರಿ ತೆಗೆಯುತ್ತಿರುವಾಗಲೇ ಅಡುಗೆಮನೆಯ ಚಾವಣಿ ಚೀರಿಕೊಂಡಿತು!

ಹೊಗೆ ಕಂಡರೆ ಕೂಗುವ ಗಂಟೆ! ಮೈಕಣ್ಣ ತನಗಿಂತ ದೊಡ್ಡ ದನಿಯನ್ನು ಕೇಳಿದ್ದು ಹುಟ್ಟಿದ ಮೇಲೆ ಅದೇ ಮೊದಲು. ಕಟ್ಟಡಕ್ಕೆ ಕಟ್ಟಡವೇ ಬೀದಿಗಿಳಿಯಿತು. ಅರ್ಧ ಗಡ್ಡ ಬೋಳಿಸಿದವನೊಬ್ಬ, ತಲೆಗೆ ಟವೆಲ್ ಸುತ್ತಿದವಳೊಬ್ಬಳು, ಬೆಕ್ಕನ್ನು ಕಂಕುಳಲ್ಲಿ ಅವುಚಿಕೊಂಡ ಅಜ್ಜ. ಮನೆಯೊಡತಿ ಒಬ್ಬೊಬ್ಬರಿಗೂ ಅಂಗೈಯನ್ನು ದುಂಡಗೆ ತಟ್ಟಿ ತೋರಿಸಿ, ಆಮೇಲೆ ಮೈಕಣ್ಣನ ಕಡೆ ಬೆರಳು ತೋರಿಸಿ ವಿವರಿಸುತ್ತಿದ್ದಳು. ಅಗ್ನಿಶಾಮಕ ದಳದವರು ಕೊಳವೆ ಹಿಡಿದು ಮೇಲೆ ನುಗ್ಗಿದರು. ಸ್ವಲ್ಪ ಹೊತ್ತಿಗೆ ಒಬ್ಬ, ಬೆಂಕಿಯಿಂದ ಕೂಸನ್ನು ಕಾಪಾಡಿ ತಂದವನಂತೆ, ಮೂರು ಕಾಲಿನ ಸ್ಟ್ಯಾಂಡಿನ ಸಮೇತ ಕ್ಯಾಮೆರಾವನ್ನು ಎದೆಗವಚಿಕೊಂಡು ಇಳಿದು ಬಂದ!

ಮೈಕಣ್ಣನಿಗೆ ಮಾನ ಹೋದ ದುಃಖಕ್ಕಿಂತ ಹೊಟ್ಟೆ ಹಸಿದ ದುಃಖ ಹೆಚ್ಚಾಗಿತ್ತು. "ತಿನ್ನೋಕೆ ಏನಾದ್ರೂ ಇದ್ಯೇನೇ?"

ಹೆಂಡತಿ ಇಳಿಯುವಾಗ ಕೈಗೆತ್ತಿಕೊಂಡಿದ್ದ ಬಟ್ಟೆಯ ಗಂಟು ಬಿಚ್ಚಿದಳು. "ಸುಟ್ಟಿದ್ದನ್ನ ಎಸೆಯೋಕೆ ಮನಸ್ಸು ಬರಲಿಲ್ಲ. ಇದೇ ಇರೋದು."

ಮೆಟ್ಟಿಲ ಮೇಲೆ ಕೂತು ಅವನು ಮುರಿದು ಬಾಯಿಗಿಟ್ಟ. ಗರಿಗರಿ. ಆಮೇಲೆ ಸಿಹಿ. ಆಮೇಲೆ ಮೂಗಿನವರೆಗೂ…

"ಅಮ್ಮಾ!"

ಎಲ್ಲಿ ಸುಟ್ಟಿತೋ ಎಂದು ಅಗ್ನಿಶಾಮಕದವನು ಕಂಬಳಿ ಹಿಡಿದು ಓಡಿ ಬಂದ.

"ಇದೇ! ಇದೇ ಕಣೇ ಅಮ್ಮನ ರೊಟ್ಟಿ! ಏನು ಹಾಕಿದೆ ಇವತ್ತು? ಈ ಊರಿನ ಹಿಟ್ಟಾ? ನೀರಾ? ಹೇಳೇ!" ಮೈಕಣ್ಣನ ಕಣ್ಣಲ್ಲಿ ನೀರು. ಅದು ಹೊಗೆಯದಲ್ಲ.

"ನನಗೇನು ಗೊತ್ತು? ಎಲ್ಲಾ ನಿಮ್ಮ ಕ್ಯಾಮೆರಾದಲ್ಲೇ ಇದೆಯಲ್ಲ, ನೋಡಿ."

ಹೊಸ ಬ್ಯಾಟರಿ ಹಾಕಿ ಇಬ್ಬರೂ ಆ ಪುಟ್ಟ ಪರದೆಯ ಮೇಲೆ ತಲೆ ಬಗ್ಗಿಸಿದರು. ಕಾವಲಿ. ದುಂಡಗೆ ಬಿದ್ದ ರೊಟ್ಟಿ. ಅಂಚನ್ನು ಒತ್ತುವ ಎರಡು ಬೆರಳು. ಅಷ್ಟರಲ್ಲಿ ಎಲ್ಲಿಂದಲೋ ಒಂದು ದನಿ, "ಇವಳೇ…!"

ಮೈಕಣ್ಣ ಬೆಚ್ಚಿದ. "ಅಪ್ಪ ಯಾಕೆ ಇದರಲ್ಲಿ ಮಾತಾಡ್ತಿದ್ದಾರೆ?"

"ಅದು ನೀವು ರೀ."

ಪರದೆಯಲ್ಲಿ ಬೆರಳುಗಳು ಚೌಕಟ್ಟಿನಿಂದ ಆಚೆ ಸರಿದವು. ಉಳಿದದ್ದು ಕಾವಲಿ ಮತ್ತು ರೊಟ್ಟಿ. ರೊಟ್ಟಿ ಕಂದಾಯಿತು, ಕಪ್ಪಾಯಿತು, ಅಂಚಿನಿಂದ ಹೊಗೆ ಎದ್ದಿತು. ಟೀಚರಮ್ಮ ಹೇಳಿದ್ದು ನಿಜ, ಅದಕ್ಕೆ ಅದರದೇ ಸದ್ದಿತ್ತು.

ಮೈಕಣ್ಣ ಮತ್ತೆ ಮಣೆಯ ಮೇಲೆ ಕೂತ ಹುಡುಗನಾದ. ಈಗ ಕಿವಿಯೂ ನೆನಪು ಮಾಡಿಕೊಳ್ಳತೊಡಗಿತು. ನಡುಮನೆಯಿಂದ ಅಪ್ಪನ ಕೂಗು, "ಇವಳೇ…! ಚಪ್ಪಲಿ ಎಲ್ಲಿ?" ಅಮ್ಮ ಸೆರಗಿಗೆ ಕೈ ಒರೆಸುತ್ತ ಎದ್ದು ಹೋಗುವುದು. ಒಲೆಯ ಮುಂದೆ ಹುಡುಗನೂ ರೊಟ್ಟಿಯೂ ಇಬ್ಬರೇ. ಅಮ್ಮ ಓಡಿ ಬಂದು, "ಅಯ್ಯೋ" ಎಂದು ಅದನ್ನು ಎತ್ತುವುದು. ಚೆನ್ನಾಗಿ ಬೆಂದದ್ದೆಲ್ಲ ಅಪ್ಪನ ತಟ್ಟೆಗೆ. ಸುಟ್ಟದ್ದನ್ನು ಎರಡು ಮಾಡಿ, ಕಡಿಮೆ ಸುಟ್ಟ ಅರ್ಧ ಅವನ ಅಂಗೈಗೆ, ಉಳಿದರ್ಧ ಅವಳಿಗೆ. ಅದನ್ನು ಅವನು ಇಷ್ಟು ಕಾಲವೂ ತನಗೆಂದೇ ಮಾಡಿದ ವಿಶೇಷವೆಂದು ತಿಳಿದಿದ್ದ!

ಬಸ್ ನಿಲ್ದಾಣದಲ್ಲಿ ಯಾರೂ ಕೇಳಿರದ ಸಣ್ಣ ದನಿಯಲ್ಲಿ ಅವನೆಂದ, "ಹಾಗಾದ್ರೆ ನಮ್ಮನೇಲಿ ಈ ರುಚಿ ಯಾಕೆ ಬರ್ಲಿಲ್ಲ? ನಾನೇನು ಕಮ್ಮಿ ಕೂಗಿದ್ನಾ?"

"ಕೂಗೋದ್ರಲ್ಲಿ ನಿಮ್ಮದು ಯಾವತ್ತೂ ಕಮ್ಮಿ ಇಲ್ಲ ರೀ. ನೀವು ಕರೆದಾಗೆಲ್ಲ ನಾನು ಗ್ಯಾಸ್ ಒಲೆಯ ಕಿವಿ ಹಿಂಡಿ ಬರ್ತಿದ್ದೆ. ಅತ್ತೆಯವರ ಸೌದೆ ಒಲೆಗೆ ಕಿವಿ ಎಲ್ಲಿತ್ತು? ಇಲ್ಲೂ ಹಿಂಡಿದೆ, ಆದ್ರೆ ಈ ಗಾಜಿನ ಒಲೆ ಆರಿಸಿದ್ರೂ ಕಾದೇ ಇರುತ್ತೆ, ಹಾಳಾದ್ದು." ಅವಳು ಗಂಟು ಕಟ್ಟಿದಳು. "ನಾನು ಸುಮ್ನೆ ಗಿರಣಿ ಗಿರಣಿ ಅಲೆದೆ."

ಮೈಕಣ್ಣ ಕ್ಯಾಮೆರಾದ ಜೊತೆ ಸ್ಟ್ಯಾಂಡನ್ನೂ ತಾನೇ ಹೊತ್ತು ಮೆಟ್ಟಿಲು ಹತ್ತಿದ. ಆದರೆ ಸ್ವಭಾವ ಎಲ್ಲಿಗೆ ಹೋಗುತ್ತದೆ? ಮರುದಿನ ಬೆಳಿಗ್ಗೆ ಟೀಚರಮ್ಮನಿಂದ ಇನ್ನೊಂದು ಅವಕಾಶ ಬೇಡಿ ತಂದು, ಎದೆಯುಬ್ಬಿಸಿ ಅಡುಗೆಮನೆಯ ನಡುವೆ ನಿಂತ.

"ಇವತ್ತು ರೊಟ್ಟಿ ನಂದು! ಚಿತ್ರ ನಿಂದು! ನೀನು ಆರಾಮಾಗಿ ಒಳಗೆ ಕೂತ್ಕೋ. ಏನು ಬೇಕಾದ್ರೂ ಕೂಗು, ಎಷ್ಟು ಸಲ ಬೇಕಾದ್ರೂ ಕೂಗು. ಕಾವಲಿ ಇಳಿಸಿ, ಒಲೆ ಆರಿಸಿ, ಕೈ ಒರೆಸಿ, ಓಡಿ ಬರ್ತೀನಿ. ಎಲ್ಲಾ ಅಭ್ಯಾಸ ಮಾಡ್ಕೊಂಡಿದ್ದೀನಿ!"

ಅವಳು ಕಿಟಕಿಗಳನ್ನೆಲ್ಲ ತೆರೆದಿಟ್ಟು, ಕ್ಯಾಮೆರಾವನ್ನು ನೆಟ್ಟಗೆ ನಿಲ್ಲಿಸಿ, ಓಡಲು ಬಿಟ್ಟು ಒಳಕ್ಕೆ ಹೋದಳು. ಮೈಕಣ್ಣ ಮೊಣಕೈವರೆಗೆ ಹಿಟ್ಟಾಗಿ, ಟೈರಿನ ತೇಪೆಯಂಥದೊಂದನ್ನು ತಟ್ಟಿ ಕಾವಲಿಗೆ ಹಾಕಿದ. ಬಾಗಿಲ ಕಡೆ ಕಿವಿ ಕೊಟ್ಟ. ಒಳಗೆ ಹೆಂಡತಿಯೂ ಮನೆಯೊಡತಿಯೂ ಹಳೆಯ ಫೋಟೋಗಳನ್ನು ಹರಡಿಕೊಂಡು ನಗುತ್ತಿದ್ದುದು ಕೇಳಿಸಿತು. ಇನ್ನೇನು ಕರೆಯುತ್ತಾಳೆ. ಒಂದು ಕಾಲನ್ನು ಮುಂದಿಟ್ಟುಕೊಂಡೇ ನಿಂತ, ಓಟದ ಪಂದ್ಯದ ಹುಡುಗನ ಹಾಗೆ. ನಗು ಕೇಳಿಸಿತು, ಲೋಟದ ಸದ್ದು ಕೇಳಿಸಿತು, ಮತ್ತೆ ನಗು. ಕೂಗು ಬರಲಿಲ್ಲ.

ವಾಸನೆ ಹಿಡಿದು ಅವಳೇ ಬಾಗಿಲಿಗೆ ಬಂದಳು. ಕಾವಲಿಯ ಮೇಲೆ ಇದ್ದಿಲಿನಂಥ ರೊಟ್ಟಿ, ಪಕ್ಕದಲ್ಲಿ ಸಟ್ಟುಗ ಹಿಡಿದು ನಿಂತ ಗಂಡ.

"ನಾನು ಕರೀಲೇ ಇಲ್ವಲ್ಲ ರೀ! ಇದು ಹೇಗೆ ಸುಟ್ಟಿತು?"

"ಕರೀತೀಯೇನೋ ಅಂತ ಕಾಯ್ತಾ ಇದ್ದೆ ಕಣೇ."

"ಯಾಕೆ ಕರೀಲಿ?" ಎಂದಳು ಅವಳು, ಅವನ ಕೈಯಿಂದ ಸಟ್ಟುಗ ತೆಗೆದುಕೊಳ್ಳದೆಯೇ. "ನನಗೆ ಯಾವುದು ಎಲ್ಲಿದೆ ಅಂತ ಗೊತ್ತಲ್ಲ."