ದೇವನಕೊಂಡಕ್ಕೆ ನಮ್ಮ ವರ್ಗಾವಣೆ

ವರ್ಗಾವಣೆ ಅನ್ನೋದು ಸರ್ಕಾರಿ ನೌಕರರ ಹಣೆಬರಹ, ನಮ್ಮಂಥ ಖಾಸಗಿ ಗುಮಾಸ್ತರ ತಂಟೆಗೆ ಅದು ಬರೋದಿಲ್ಲ ಅಂತ ನಾನು ಬಹಳ ದಿನ ಹಾಯಾಗಿದ್ದೆ. ಆದರೆ ಆದೋನಿಯ ಒಂದೇ ಹತ್ತಿ ಗಿರಣಿಯಲ್ಲಿ ಇಪ್ಪತ್ತೆರಡು ವರ್ಷ ಕೂತವನಿಗೆ ಕುರ್ಚಿಯನ್ನು ಎಷ್ಟು ನಂಬಬೇಕು ಅನ್ನೋದು ತಾನಾಗಿ ಗೊತ್ತಾಗುತ್ತೆ. ನಮ್ಮ ಸಾಹುಕಾರರಿಗೆ ವರ್ಷಕ್ಕೊಮ್ಮೆಯಾದರೂ ಯಾರನ್ನಾದರೂ ಕೂತ ಜಾಗದಿಂದ ಎಬ್ಬಿಸದಿದ್ದರೆ ಉಂಡ ಅನ್ನ ಅರಗುವುದಿಲ್ಲ. ಹಾಗಂತ ಅವರೇನು ಕೆಟ್ಟವರಲ್ಲ. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು, ಪಂಚಾಂಗ ನೋಡದೆ ಕ್ಷೌರಕ್ಕೂ ಕೂರದ ಮನುಷ್ಯ.

೧. ಮೆಟ್ಟಿಲ ಕೆಳಗೆ

ಒಂದು ಬೇಸಿಗೆಯಲ್ಲಿ ವಾಸ್ತು ಹೇಳುವವನೊಬ್ಬ ಗಿರಣಿಗೆ ಬಂದ. ಲಾಭ ಕಡಿಮೆಯಾಗಲು ನನ್ನ ಮೇಜೇ ಕಾರಣ ಅಂತ ಅವನು ಕಂಡುಹಿಡಿದ. ಬಿರುಬಿಸಿಲಲ್ಲಿ ನನ್ನ ಮೇಜು ಆಫೀಸಿನ ನಾಲ್ಕೂ ದಿಕ್ಕು ಪ್ರದಕ್ಷಿಣೆ ಹಾಕಿ, ಕೊನೆಗೆ ಮೆಟ್ಟಿಲ ಕೆಳಗೆ ಬಂದು ನಿಂತಿತು. ಅಲ್ಲಿ ಕೂರಬಹುದು, ಎದ್ದು ನಿಲ್ಲುವಂತಿಲ್ಲ. ನಿಂತರೆ ತಲೆ ಕಲ್ಲಿಗೆ ಬಡಿಯುತ್ತದೆ.

ಸಾಹುಕಾರರು ಬಂದಾಗ ಏಳಬೇಕಲ್ಲ, ಎದ್ದರೆ ಬೆನ್ನು ಬಗ್ಗಿಸಿ, ತಲೆ ತಗ್ಗಿಸಿಯೇ ನಿಲ್ಲಬೇಕು. ಒಂದು ವಾರ ಇದನ್ನು ನೋಡಿದ ಅವರು ಸಂತೋಷದಿಂದ ಹೇಳಿದರು: “ಜಾಗ ಬದ್ಲು ಮಾಡಿದ್ದಕ್ಕ ನಿನಗ ಎಷ್ಟು ವಿನಯ ಬಂದೈತಿ ನೋಡು.”

೨. ಜುಲುಮಿ ಇಲ್ಲ

ಕಳೆದ ವರ್ಷ ದಸರಾ ಮುಗಿದ ಮೇಲೆ, ಒಂದು ಗುರುವಾರ ಬೆಳಿಗ್ಗೆ, ಸಾಹುಕಾರರು ಆಫೀಸಿನ ಮೂವರನ್ನೂ ಎದುರಿಗೆ ನಿಲ್ಲಿಸಿಕೊಂಡರು. ಮೂವರು ಅಂದರೆ ನಾನು, ಕಂಪ್ಯೂಟರ್ ಅಕ್ಕ, ಕಾಟಾದ ತಾತ. ಕಂಪ್ಯೂಟರ್ ಮುಂದೆ ಕೂರುವ ಹೆಣ್ಣುಮಗಳು ನಮ್ಮೆಲ್ಲರಿಗಿಂತ ಚಿಕ್ಕವಳಾದರೂ ಎಲ್ಲರಿಗೂ ಅಕ್ಕ, ಏಕೆಂದರೆ ಹಾಜರಿ ಅವಳ ಕೈಯಲ್ಲಿದೆ. ತಾತ ಹತ್ತಿ ತೂಗುವ ಕಾಟಾದ ಮುಂದೆ ನಲವತ್ತು ವರ್ಷದಿಂದ ಕೂತವನು.

“ದೇವನಕೊಂಡದಾಗ ಹೊಸ ಗಿರಣಿ ತೊಗೊಂಡೀನಿ,” ಅಂದರು ಸಾಹುಕಾರರು. “ಸೋಮವಾರದಿಂದ ನೀವು ಮೂರೂ ಮಂದಿ ಅಲ್ಲಿ. ಬರಾಕ ಆಗದವರು ರಾಜೀನಾಮೆ ಬರೆದುಕೊಡ್ರಿ. ಯಾರಿಗೂ ಜುಲುಮಿ ಇಲ್ಲ.”

ಅಕ್ಕನಿಗೆ ಅದು ಆಗದ ಮಾತು. ಗಂಡ ಲಾರಿ ಓಡಿಸುವವನು, ತಿಂಗಳಲ್ಲಿ ಅರ್ಧದಷ್ಟು ದಿನ ಊರಲ್ಲಿರುವುದಿಲ್ಲ. ಎರಡನೇ ಕ್ಲಾಸಿನ ಮಗಳು ನಾಲ್ಕಕ್ಕೆ ಶಾಲೆ ಬಿಟ್ಟು ಸೀದಾ ಗಿರಣಿಗೆ ಬಂದು, ಅಮ್ಮನ ಪಕ್ಕದಲ್ಲಿ ಕೂತು ಮಗ್ಗಿ ಬರೆಯುತ್ತಾಳೆ. ದೇವನಕೊಂಡದಿಂದ ಶೇರ್ ಆಟೋ, ಬಸ್ಸು ಅಂತ ಹತ್ತಿಳಿದು ಆದೋನಿ ಸೇರುವಷ್ಟರಲ್ಲಿ ಕತ್ತಲಾಗುತ್ತದೆ. ಅಲ್ಲಿಯ ತನಕ ಆ ಮಗು ಎಲ್ಲಿರಬೇಕು? ಕೆಲಸ ಬಿಟ್ಟರೆ ಮನೆ ನಡೆಯುವುದಿಲ್ಲ. ಇದೆಲ್ಲ ಗೊತ್ತಿದ್ದೂ ನಾನು ಅವಳ ಪರ ಮಾತಾಡಲಿಲ್ಲ, ಸುಳ್ಳೇಕೆ ಹೇಳಲಿ, ನನಗೆ ನನ್ನ ಕೆಲಸದ ಭಯ.

ಮೊದಲು ಮಾತಾಡಿದವನು ತಾತ. “ನಾ ಒಲ್ಲೆ ಸಾಹುಕಾರ್ರೇ.”

“ಯಾಕೋ? ಅದು ನಿನ್ನ ಹೆಂಡ್ತಿ ಊರಲ್ಲೇನು?”

“ಅದಕ್ಕೇರಿ. ಆದೋನ್ಯಾಗ ಕೆಲಸ ಐತಿ ಅಂತ ಹೇಳೇ ಇಷ್ಟು ವರ್ಷ ಅತ್ತಿ ಮನಿ ತಪ್ಪಿಸ್ಕೊಂಡೀನಿ.”

೩. ಎಲೆ ಅಡಿಕೆ

ಮಧ್ಯಾಹ್ನ ಊಟದ ಬಿಡುವಿನಲ್ಲಿ ಅಕ್ಕ ನಮ್ಮಿಬ್ಬರನ್ನೂ ಲೇಬರ್ ಆಫೀಸಿಗೆ ಕರೆದುಕೊಂಡು ಹೋದಳು. ಅಲ್ಲಿಯ ಆಫೀಸರು ತೆಲುಗಿನಲ್ಲಿ ಶುರುಮಾಡಿ, ನಮ್ಮ ಮೂರು ಮುಖ ನೋಡಿ, ಕನ್ನಡಕ್ಕೆ ಬಂದರು. ಮೊದಲು ಕೇಳಿದ್ದು ನೇಮಕಾತಿ ಪತ್ರ. “ಕೆಲಸ ಎಲ್ಲಿ ಅಂತ ಅದರಾಗ ಏನು ಬರೆದೈತೋ ಅದರ ಮ್ಯಾಲೆ ಹೋಗ್ತೈತಿ.”

ನಮ್ಮಲ್ಲಿ ಪತ್ರ ಅನ್ನೋದು ಹುಟ್ಟಿದ್ದೇ ಐದಾರು ವರ್ಷದ ಹಿಂದೆ. ಬ್ಯಾಂಕಿನವರು ಕೇಳಿದರೆಂದು ಸಾಹುಕಾರರು ಮೇಜು ಇರುವವರಿಗೆ ಮಾತ್ರ ಒಂದೊಂದು ಪತ್ರ ಕೊಟ್ಟಿದ್ದರು. ಅಕ್ಕ ತನ್ನದನ್ನು ಕೊಟ್ಟಳು. ‘ಕೆಲಸದ ಸ್ಥಳ: ಆದೋನಿ ಮಾತ್ರ’ ಅಂತ ದಪ್ಪ ಅಕ್ಷರದಲ್ಲಿತ್ತು, ಕೆಳಗೆ ಅಡಿಗೆರೆ ಬೇರೆ. ಆಫೀಸರು ಮೆಚ್ಚಿದರು. “ಇದು ಗಟ್ಟಿ ಐತಮ್ಮ. ನೀನು ಒಪ್ಪದೆ ಕಳಿಸಂಗಿಲ್ಲ. ಹೋಗ್ಲಿಲ್ಲ ಅಂತ ರಾಜೀನಾಮಿ ಬರೆಸ್ಕೊಳ್ಳಂಗೂ ಇಲ್ಲ.”

ಆಮೇಲೆ ನನ್ನದು. ‘ಮಾಲೀಕರು ಎಲ್ಲಿ ಹೇಳಿದರೆ ಅಲ್ಲಿ’ ಅಂತಿತ್ತು. ನನಗೆ ಸಿಟ್ಟು ನೆತ್ತಿಗೇರಿತು. “ಎರಡೂ ನೀನೇ ಟೈಪ್ ಮಾಡಿದ್ದಲ್ಲವಾ? ನಂದು ಯಾಕ ಹಿಂಗ?”

“ಸಾಹುಕಾರ್ರು ಹೇಳಿದ್ದು ಹಂಗೇ ಅಣ್ಣ. ನಂದು ಮಾತ್ರ ತಪ್ಪಿ ಹಂಗಾತು.”

“ದಪ್ಪ ಅಕ್ಷರನೂ ತಪ್ಪೀನೇ ಆತೇನು?”

ಆಫೀಸರು ನಗು ತಡೆದುಕೊಂಡು ನನಗೂ ಸಮಾಧಾನ ಹೇಳಿದರು. ಇಂಥ ಪತ್ರವಿದ್ದರೆ ಕಳಿಸಬಹುದಂತೆ, ಆದರೆ ಇವತ್ತು ಹೇಳಿ ಸೋಮವಾರ ಹೋಗು ಅನ್ನುವಂತಿಲ್ಲ, ಮೊದಲೇ ನೋಟಿಸು ಕೊಡಬೇಕಂತೆ. ಕೊನೆಗೆ ತಾತನ ಕಡೆ ತಿರುಗಿದರು. “ನಿನ್ನ ಪತ್ರ ಎಲ್ಲೈತಿ ತಾತ?”

“ನಮ್ಮ ಕಾಲದಾಗ ಪತ್ರ ಎಲ್ಲಿದ್ದುವು ಸಾರ್. ಇವರಪ್ಪ ದೊಡ್ಡ ಸಾಹುಕಾರ್ರು ಎಲಿ ಅಡಿಕಿ ಕೊಟ್ಟು ಕಾಟಾದ ಮುಂದ ಕುಂದ್ರಿಸಿದ್ರು.”

“ಅದಕ್ಕ ಸಾಕ್ಷಿ?”

“ಆವತ್ತೇ ಅಗಿದು ಉಗುಳಿದೆ ಸಾರ್.”

೪. ಶೂಲ

ಆಫೀಸರು ಆ ಸಂಜೆಯೇ ಸಾಹುಕಾರರಿಗೆ ಫೋನ್ ಮಾಡಿದರು. ಅದು ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು. “ನಮ್ಮ ಗಿರಣಿ ಒಳಗ ಕಾಯ್ದೆ ತಂದವರ್‍ಯಾರು?” ಅಂತ ಶುಕ್ರವಾರವೆಲ್ಲ ಗುಡುಗಿದರು. ಅಕ್ಕ ಕಾಯ್ದೆಯ ಸುದ್ದಿ ಎತ್ತಲೇ ಇಲ್ಲ. ಶನಿವಾರ ಗೋಡೆಯ ಪಂಚಾಂಗ ಇಳಿಸಿಕೊಂಡು ಅವರ ಮುಂದೆ ಹಿಡಿದಳು.

“ಸಾಹುಕಾರ್ರೇ, ದೇವನಕೊಂಡ ಮೂಡಲಕ್ಕಲ್ಲೇನ್ರಿ? ಸೋಮವಾರ ಮೂಡಲಕ್ಕ ಶೂಲ.”

ಸಾಹುಕಾರರು ಪಂಚಾಂಗ ನೋಡುವ ಗೋಜಿಗೇ ಹೋಗಲಿಲ್ಲ. ಯಾವ ವಾರ ಯಾವ ದಿಕ್ಕಿಗೆ ಹೊರಟರೆ ಶೂಲ, ಅಂದರೆ ಕೆಡುಕು, ಅಂತ ಅವರಿಗೆ ಬಾಯಿಪಾಠ. ತಮ್ಮ ಪ್ರಯಾಣಕ್ಕೆ ತಪ್ಪದೆ ನೋಡುತ್ತಿದ್ದರು, ನಮಗೂ ದಿಕ್ಕುಗಳಿವೆ ಅನ್ನೋದು ಹೊಳೆದಿರಲಿಲ್ಲ ಅಷ್ಟೆ.

“ಶನಿವಾರನೂ ಮೂಡಲಕ್ಕ ಶೂಲ,” ಅಕ್ಕ ಮುಂದುವರಿಸಿದಳು. “ಶುಕ್ರವಾರ ಹೋಗಬಹುದು, ಆದ್ರ ಪಡುವಲಕ್ಕ ಶೂಲ, ಹೊಳ್ಳಿ ಬರಂಗಿಲ್ಲ. ಅಲ್ಲೇ ಉಳೀಬೇಕು.”

“ನಿಮಗ ಶೂಲ ಆದ್ರ ನನಗೇನು?”

ತಾತ ನಿಧಾನಕ್ಕೆ ಅಂದ: “ನಾವು ಹೊಂಟಿದ್ದು ಲಗ್ನಕ್ಕಲ್ಲರಿ, ನಿಮ್ಮ ಕೆಲಸಕ್ಕ. ಶೂಲ ತಗುಲೋದು ಕೆಲಸಕ್ಕ.”

ಸಾಹುಕಾರರು ವಿಭೂತಿ ಒರೆಸಿಕೊಳ್ಳುವಷ್ಟು ಬೆವರಿದರು. ಆದರೆ ಅವರೂ ಕಡಿಮೆಯಲ್ಲ, ಶಾಸ್ತ್ರಕ್ಕೆ ಶಾಸ್ತ್ರದಲ್ಲೇ ಔಷಧಿ ಹುಡುಕಿದರು. ನಮ್ಮ ಕಡೆ ದಿನ ಸರಿಯಿಲ್ಲದಿದ್ದರೆ ‘ಪರಸ್ಥಾನ’ ಇಡುತ್ತಾರೆ. ಒಳ್ಳೆಯ ದಿನ ನೋಡಿ ಬಟ್ಟೆಯ ಚೀಲವನ್ನು ಮೊದಲೇ ಆ ದಿಕ್ಕಿನ ಯಾರದಾದರೂ ಮನೆಯಲ್ಲಿ ಇಟ್ಟುಬಿಟ್ಟರೆ ಆಯಿತು, ಪ್ರಯಾಣ ಮಾಡಿದಂತೆಯೇ ಲೆಕ್ಕ.

“ನಾಳೆ ಭಾನುವಾರ, ಚಲೋ ದಿನ. ನಿಮ್ಮ ಚೀಲ ಮೂಡಲಕ್ಕ ಕಳಿಸ್ರಿ. ಚೀಲ ಹೋದ್ರ ನೀವು ಹೋದಂಗ,” ಅಂದರು ಗೆದ್ದ ಗತ್ತಿನಲ್ಲಿ.

“ಖರೇನಾ ಸಾಹುಕಾರ್ರೇ? ಚೀಲ ಹೋದ್ರ ನಾವು ಹೋದಂಗನಾ?” ಅಂತ ಕೇಳಿದಳು ಅಕ್ಕ.

“ಶಾಸ್ತ್ರ ಐತಿ. ನಮ್ಮಪ್ಪ, ನಮ್ಮಜ್ಜ ಎಲ್ಲಾ ಹಂಗೇ ಮಾಡ್ಯಾರ.”

ಅಕ್ಕ ಪಂಚಾಂಗವನ್ನು ಕಣ್ಣಿಗೊತ್ತಿಕೊಂಡು ಗೋಡೆಗೆ ತೂಗುಹಾಕಿದಳು. ನಾವು ಸೋತೆವು ಅಂದುಕೊಂಡು ನಾನು ಮನೆಗೆ ಹೋಗಿ ಹೆಂಡತಿಗೆ ಬುತ್ತಿಯ ಡಬ್ಬಿ ತೊಳೆದಿಡಲು ಹೇಳಿದೆ.

೫. ಹಾಜರಿ

ಭಾನುವಾರ ಅಕ್ಕ ನಮ್ಮಿಬ್ಬರ ಮನೆಗೂ ಬಂದು ಒಂದೊಂದು ಚೀಲ ಇಸಿದುಕೊಂಡಳು. ನನ್ನದರಲ್ಲಿ ಹಳೆಯ ಪಂಚೆ, ತಾತನದರಲ್ಲಿ ಒಂದು ಟವೆಲ್ಲು, ಅವಳದು ಜಿಪ್ಪು ಹೋದ ಬ್ಯಾಗು. ಪರಿಚಯದ ಬಸ್ಸಿನವನ ಕೈಯಲ್ಲಿ ಮೂರನ್ನೂ ಸೀದಾ ದೇವನಕೊಂಡದ ಗಿರಣಿಗೇ ಕಳಿಸಿ, ಅಲ್ಲಿಯ ವಾಚ್‌ಮನ್‌ಗೆ ಫೋನ್ ಮಾಡಿದಳು. “ಸೋಮವಾರ ಮುಂಜಾನೆ ಒಂದೊಂದು ಕುರ್ಚಿ ಮ್ಯಾಲೆ ಒಂದೊಂದು ಇಡು ಅಣ್ಣ.” ಆಮೇಲೆ ನಮಗೆ ಹೇಳಿದಳು: “ನಾಳೆ ನೀವು ಎಂದಿನಂಗ ಆದೋನಿ ಗಿರಣಿಗೇ ಬರ್‍ರಿ.”

ನಾನು ಆಗೋದಿಲ್ಲ ಅನ್ನುವವನಿದ್ದೆ. ಆದರೆ ಅವಳ ಮಗಳು ಪಕ್ಕದಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಒಲ್ಲೆ ಅನ್ನಲು ನಾಚಿಕೆಯಾಯಿತು.

ಸಾಹುಕಾರರು ಭಾನುವಾರವೇ ದೇವನಕೊಂಡ ಸೇರಿದ್ದರು, ಅವರೂ ಸೋಮವಾರದ ಶೂಲ ತಪ್ಪಿಸಿಕೊಳ್ಳಬೇಕಲ್ಲ. ಸೋಮವಾರ ಹತ್ತೂ ಕಾಲಿಗೆ ಅಕ್ಕನ ಫೋನ್ ಬಡಿದುಕೊಂಡಿತು. ಅವಳು ಸ್ಪೀಕರ್ ಹಾಕಿದಳು.

“ಎಲ್ಲಿ ಅದೀರಿ ನೀವೆಲ್ಲ?”

“ದೇವನಕೊಂಡದಾಗ, ಸಾಹುಕಾರ್ರೇ.”

“ಇಲ್ಲಿ ಮೂರು ಚೀಲ ಕುಂತಾವ.”

“ಅವು ನಾವೇರಿ. ಚೀಲ ಹೋದ್ರ ನಾವು ಹೋದಂಗ ಅಂತ ನೀವೇ ಹೇಳಿದ್ರಲ್ಲ. ಸುಳ್ಳಂದ್ರ ನಿಮ್ಮಪ್ಪನವರ ಶಾಸ್ತ್ರ ಸುಳ್ಳು ಮಾಡಿದಂಗ ಆಗ್ತೈತಿ.”

ಇಪ್ಪತ್ತೆರಡು ವರ್ಷದ ನೌಕರಿ ಮುಗಿಯಿತು ಅಂತ ನಾನು ಕಣ್ಣು ಮುಚ್ಚಿಕೊಂಡೆ. ತಾತ ಮಾತ್ರ ಕಾಟಾದ ಧೂಳು ಒರೆಸುತ್ತಿದ್ದ.

“ಗುಮಾಸ್ತನ ಕರಿ,” ಅಂದರು ಸಾಹುಕಾರರು.

“ಇಲ್ಲೇ ಅದೀನ್ರಿ,” ಅಂದೆ.

“ನಿನ್ನ ಚೀಲ ಎಂಟೂವರಿಗೇ ಬಂದು ಕುರ್ಚಿ ಮ್ಯಾಲೆ ಕುಂತೈತಂತ. ವಾಚ್‌ಮನ್ ಹೇಳ್ತಾನ. ನೀನು ಇಷ್ಟು ವರ್ಷದಾಗ ಒಂದಿನ ಹತ್ತರೊಳಗ ಬಂದೀಯೇನು?”

“ಇಲ್ಲರಿ.”

“ಬಂದಾಗಿಂದ ಚಾ ಕೇಳಿಲ್ಲ, ರಜಾ ಕೇಳಿಲ್ಲ, ಲೇಬರ್ ಆಫೀಸಿಗೂ ಹೋಗಿಲ್ಲ. ಇಂಥಾ ಆಳು ನನಗ ಜಲ್ಮದಾಗ ಸಿಕ್ಕಿದ್ದಿಲ್ಲ. ಇದು ಇಲ್ಲೇ ಇರ್ಲಿ, ನೀವು ಮೂರೂ ಮಂದಿ ಆದೋನ್ಯಾಗೇ ಸಾಯ್ರಿ.”