ತಿರುಗದ ತೂಬು

ಕನಕರಾಜು ದಿನದ ವರದಿಯಲ್ಲಿ ನಿಜ ಬರೆದದ್ದೇ ತೊಂದರೆಗೆ ಮೂಲವಾಯಿತು.

ಗೊರೂರಿನ ನಾಲೆ ಕಚೇರಿಯಲ್ಲಿ ತೂಬು ನೋಡಿಕೊಳ್ಳುವ ಕೆಲಸ ಅವನದು. ನೌಕರರೆಲ್ಲ ಮಾಡಿದ ಕೆಲಸವನ್ನು ದಿನವೂ ಮೊಬೈಲಿನಲ್ಲಿ ಬರೆದು ಕಳಿಸಬೇಕೆಂಬ ಆದೇಶ ಬಂದಾಗಿನಿಂದ ಅವನು 'ತೂಬು ಎತ್ತಿದೆ, ತೂಬು ಇಳಿಸಿದೆ' ಎಂದಷ್ಟೇ ಬರೆಯುತ್ತಿದ್ದ. ಹಾಸನದಲ್ಲಿ ಅದನ್ನು ಓದುತ್ತಿದ್ದುದು ಮನುಷ್ಯರಲ್ಲ, ಎಐ. ಅದಕ್ಕೂ ಬೇಸರವಾಗಿರಬೇಕು, 'ಪ್ರಗತಿ ಶೂನ್ಯ' ಎಂದು ಕೆಂಪು ಗುರುತು ಒತ್ತಿತು. ಇನ್ನೊಂದು ಕೆಂಪು ಬಿದ್ದರೆ ದೂರದೂರಿಗೆ ವರ್ಗ. ಹೆಂಡತಿ ಲತಾ ಗೊರೂರಿನಲ್ಲೇ ನರ್ಸು. ಅವಳಿರುವ ಊರಿಗೆ ಬರಲು ಅವನು ವರ್ಷಗಟ್ಟಲೆ ಕಚೇರಿ ಕಚೇರಿ ಅಲೆದಿದ್ದ. ಇಬ್ಬರೂ ಒಂದೇ ಸೂರಿನಡಿ ಉಣ್ಣತೊಡಗಿ ಇನ್ನೂ ಒಂದು ಯುಗಾದಿ ಕಳೆದಿರಲಿಲ್ಲ.

ಮರುದಿನ ಬೆಳಿಗ್ಗೆ ಗುಮಾಸ್ತೆ ಯಮುನಾ ಅವನ ಮೊಬೈಲು ಕಿತ್ತುಕೊಂಡು, ಇನ್ನೂ ಕಳಿಸದಿದ್ದ ನಿನ್ನೆಯ ವರದಿಯನ್ನು ತನ್ನ ಎಐ ಕೈಲಿ ಬರೆಸಿದಳು. ಕಚೇರಿಯವರೆಲ್ಲ ಹಾಗೇ ಮಾಡುತ್ತಿದ್ದರು. ಅವನ ಎರಡು ಮಾತು ಎಣ್ಣೆಗೆ ಬಿದ್ದ ಪೂರಿಯಂತೆ ಉಬ್ಬಿತು. ಕೊನೆಯಲ್ಲಿ, ಹಳೇಕೋಟೆ ಕಡೆಯ ಕೆಟ್ಟ ತೂಬನ್ನು ದುರಸ್ತಿ ಮಾಡಿ ಕಡೆಯ ಗದ್ದೆಗೂ ನೀರು ಹರಿಸಲಾಯಿತು ಎಂದಿತ್ತು.

"ಆ ತೂಬು ತಿರುಗಾಕೇ ಇಲ್ವಲ್ಲ ಮೇಡಮ್ಮೋರೆ. ಅದ್ರ ಮ್ಯಾಲೆ ಬಟ್ಟೆ ಒಣಗಾಕ್ತವ್ರೆ."

"ಹಾಸನದ ಎಐ ಬಂದು ನೋಡ್ತದಾ? ಸುಮ್ಕಿರಣ್ಣ."

ಕಳಿಸಿದ ಕೂಡಲೇ ಹಸಿರು ಗುರುತು ಬಂತು. ಎಲ್ಲರೂ ಟೀ ಕುಡಿದರು.

ಲೋಟ ಕೆಳಗಿಡುವಷ್ಟರಲ್ಲಿ ಎಂಜಿನಿಯರ್ ಹರ್ಷವರ್ಧನ್ ಹಾಸನದಿಂದ ಫೋನು ಮಾಡಿ ಬೆನ್ನು ತಟ್ಟಿದರು. ವರದಿಯನ್ನು ರೈತರ ವಾಟ್ಸಾಪ್ ಗುಂಪಿಗೂ ಹಾಕಿದ್ದರಂತೆ. ಬಿಸಿಲೇರುವ ಮುಂಚೆ ಹಳೇಕೋಟೆಯ ಬೆಳ್ಳಮ್ಮ ಲಗೇಜ್ ಆಟೋ ತುಂಬ ಜನರನ್ನು ಹೇರಿಕೊಂಡು ತೂಬಿನ ಹತ್ತಿರ ಇಳಿದಳು. ಹೊಸ ನೀರಿಗೆ ಪೂಜೆ ಮಾಡದೆ ಗದ್ದೆಗೆ ಬಿಡುವ ಪದ್ಧತಿ ಅವರಲ್ಲಿಲ್ಲ. ಕೈಯಲ್ಲಿ ಕಾಯಿ, ಅರಿಶಿನ, ದೀಪದ ಎಣ್ಣೆ.

"ನೀರು ಬಿಡ್ಲಾ, ಕಾಯಿ ಒಡ್ದೇ ಓಗೋದು ಕಣ್ಲಾ ಮಗ," ಎಂದು ಅವಳು ಏರಿಯ ಮೇಲೆ ಕೂತೇಬಿಟ್ಟಳು.

ಕನಕರಾಜು ಹಾರೆ ತಂದು ತಿರುಪಿಗೆ ಜೋತುಬಿದ್ದ. ಅಂಗೈ ಸುಲಿಯಿತು. ಸುತ್ತ ನಿಂತವರು ಎಡಕ್ಕೆಂದರು, ಬಲಕ್ಕೆಂದರು. ಯಮುನಾ ಓಡಿಬಂದು ಎಐಯನ್ನು ಕೇಳಿದಳು. ನುರಿತ ತಂತ್ರಜ್ಞರನ್ನು ಸಂಪರ್ಕಿಸಿ ಎಂದಿತು ಅದು. ಕಡೆಗೆ ಬೆಳ್ಳಮ್ಮನೇ ಎದ್ದು ದೀಪದ ಎಣ್ಣೆಯನ್ನೆಲ್ಲ ತಿರುಪಿಗೆ ಸುರಿದಳು. ಎಲ್ಲರೂ ಹಾರೆ ಹಿಡಿದು ಜಗ್ಗಿದರು. ತೂಬು ಕಟ್ಟಿಹಾಕಿದ ಹಂದಿಯಂತೆ ಕಿರುಚಿ ಮೇಲೆದ್ದಿತು, ಕನಕರಾಜುವನ್ನು ನಾಲೆಗೆ ಎಸೆಯಿತು. ನೀರು ಹರಿಯಿತು. ಕೆಸರಲ್ಲಿ ಕೂತೇ ಅವನು ಕಾಯಿಚೂರು ತಿಂದ. ಬರೆದದ್ದೂ ನಡೆದದ್ದೂ ಒಂದೇ ಆಗಿತ್ತು.

ಸಂಜೆ ಕ್ವಾರ್ಟರ್ಸಿನ ಜಗಲಿಯಲ್ಲಿ ಲತಾ ಅವನ ಕೈಗೆ ಪಟ್ಟಿ ಸುತ್ತಿದಳು. ಇವತ್ತಿನ ವರದಿಯನ್ನು ಅವನು ಯಾರ ನೆರವೂ ಇಲ್ಲದೆ, ಪಟ್ಟಿಯಿಂದ ಹೊರಗುಳಿದ ಒಂದು ಬೆರಳಲ್ಲಿ ತಾನೇ ಬರೆದ: 'ಕೆಟ್ಟ ತೂಬು ಸರಿ ಮಾಡಿದೆ.' ಕಳಿಸಿದ. ಹಸಿರು ಬಂತು. ಹಿಂದೆಯೇ ಹರ್ಷವರ್ಧನ್ ಫೋನು.

"ನಿನ್ನೆ ಒಂದು ತೂಬು, ಇವತ್ತು ಇನ್ನೊಂದು. ಇಂಥ ನುರಿತ ತಂತ್ರಜ್ಞ ಇಲಾಖೇಲಿ ಬೇರೆ ಯಾರೂ ಇಲ್ಲ ಅಂತ ಎಐ ತೋರಿಸ್ತಿದೆ ಕಣ್ರೀ. ಬೀದರ್ ಕಡೆ ತೂಬುಗಳೆಲ್ಲ ಕೆಟ್ಟು ಕೂತಿವೆಯಂತೆ. ನಿಮ್ಮ ವರ್ಗಾವಣೆ ಆದೇಶಾನೂ ಅದೇ ಬರ್ಕೊಡ್ತು, ಸೈನ್ ಹಾಕಿದೀನಿ."

'ಎರಡೂ ಒಂದೇ ತೂಬು ಸಾ' ಎನ್ನಲು ಕನಕರಾಜು ಬಾಯಿ ತೆರೆದ. ಹಾಗೆಂದರೆ ನಿನ್ನೆಯ ವರದಿ ಸುಳ್ಳಾಗುತ್ತಿತ್ತು. ಮುಚ್ಚಿದ.

"ಕೆಂಪಾ, ಹಸ್ರಾ?" ಲತಾ ಕೇಳಿದಳು.

"ಹಸ್ರು ಕಣೆ."

ಅವಳು ಎಷ್ಟೋ ದಿನಕ್ಕೆ ನಕ್ಕು, ಪಾಯಸಕ್ಕೆ ಅಕ್ಕಿ ತೊಳೆಯಲು ಒಳಗೆ ಹೋದಳು.