ಅತ್ತೆ ಜೋಡಿಸಿದ ಲಗ್ನಪತ್ರಿಕೆ

ನಮ್ಮ ಅತ್ತೆಯನ್ನು ಕಂಡರೆ ಕಂಪ್ಯೂಟರು ಹೆದರುತ್ತಿತ್ತು ಎಂದರೆ ನೀವು ನಗುತ್ತೀರಿ. ಹಗರಿಬೊಮ್ಮನಹಳ್ಳಿಯಲ್ಲಿ ಅವಳ ಕೈಯಲ್ಲಿ ಗಣಿತ ಕಲಿತ ಯಾವ ಹೆಣ್ಣುಮಗಳನ್ನಾದರೂ ಕೇಳಿ ನೋಡಿ, ಅವಳು ನಗುವುದಿಲ್ಲ. "ಹೆದರದ ಏನು ಮಾಡೀತು, ಪಾಪ" ಎನ್ನುತ್ತಾಳೆ.

ಅತ್ತೆ ಎಂದರೆ ಅಪ್ಪನ ತಂಗಿ. ಮದುವೆ ಮಾಡಿಕೊಂಡಿರಲಿಲ್ಲ, ಹೈಸ್ಕೂಲಿನಲ್ಲಿ ಟೀಚರು. ನಾನು ಸಣ್ಣವಳಿದ್ದಾಗಲೇ ಅಪ್ಪ ತೀರಿಕೊಂಡದ್ದರಿಂದ ಮನೆಯಲ್ಲಿ ಉಳಿದವರು ಅಮ್ಮ, ಅತ್ತೆ ಮತ್ತು ನಾನು. ಅತ್ತೆಯ ಸಂಬಳ, ಅಮ್ಮನ ಅಡುಗೆ, ಅವರಿಬ್ಬರ ಜಗಳ ಇವುಗಳ ಆಸರೆಯಲ್ಲಿ ನಾನು ದೊಡ್ಡವಳಾದೆ. ಮೂರರಲ್ಲಿ ಒಂದು ದಿನವೂ ಕೊರತೆಯಾಗದೆ ಸಿಕ್ಕದ್ದು ಜಗಳ.

ಅತ್ತೆಗೆ ಬಹಳ ವರ್ಷಗಳಿಂದ ಪ್ರಿಂಟಿಂಗ್ ಪ್ರೆಸ್ಸುಗಳ ಮೇಲೆ ಸಿಟ್ಟು. ಕಾರಣ ಭಿನ್ನರಾಶಿ. ಅವಳು ಬರೆದುಕೊಟ್ಟ ಪ್ರಶ್ನೆಪತ್ರಿಕೆಯಲ್ಲಿ ಮೇಲಿನ ಅಂಕಿಗೂ ಕೆಳಗಿನ ಅಂಕಿಗೂ ನಡುವೆ ಇರಬೇಕಾದ ಗೆರೆಯನ್ನು ಪ್ರೆಸ್ಸಿನವರು ನುಂಗಿಬಿಡುತ್ತಿದ್ದರು. ಹೀಗೆ ಒಮ್ಮೆ ಮುಕ್ಕಾಲು ಹೋಗಿ ಮೂವತ್ನಾಲ್ಕಾಯಿತು. ಐದು ಲೀಟರ್ ಹಾಲಿನಲ್ಲಿ ಒಬ್ಬ ಹುಡುಗ ಮೂವತ್ನಾಲ್ಕು ಲೀಟರ್ ಕುಡಿದರೆ ಉಳಿದ ಹಾಲೆಷ್ಟು ಎಂದು ಎಂಟನೇ ತರಗತಿಯ ಹುಡುಗಿಯರೆಲ್ಲ ತಲೆ ಕೆರೆದುಕೊಂಡರು. ಹಾಲಿನ ಮಾತು ಹಾಗಿರಲಿ, ಹುಡುಗನಾದರೂ ಉಳಿದನೇ?

ಬಳ್ಳಾರಿಯಲ್ಲಿ ನಡೆದ ಶಿಕ್ಷಕರ ತರಬೇತಿಯಲ್ಲಿ ಯಾರೋ ಅವಳಿಗೆ ಒಂದು ತಂತ್ರಾಂಶ ತೋರಿಸಿದರು. ಪುಸ್ತಕಕ್ಕೆ ಬೇಕಾದ ಹಾಗೆ ಅಕ್ಷರ ಜೋಡಿಸಿಕೊಡುವ ತಂತ್ರಾಂಶ. ಅದರಲ್ಲಿ ಭಿನ್ನರಾಶಿಯ ಗೆರೆ ನೇರವಾಗಿ, ಅಂದವಾಗಿ ಬರುತ್ತಿತ್ತು. ಅತ್ತೆ ಊರಿಗೆ ಮರಳಿದವಳೇ ಹಳೆಯ ಕಂಪ್ಯೂಟರೊಂದನ್ನು, ಅದರ ಜೊತೆಗೆ ಕರಕರ ಎನ್ನುವ ಪ್ರಿಂಟರನ್ನೂ ಕೊಂಡು ತಂದು ನಡುಮನೆಯಲ್ಲಿ ಇಟ್ಟಳು.

ಆ ತಂತ್ರಾಂಶದಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ. ಕಪ್ಪು ಪರದೆ, ಅದರಲ್ಲಿ ಮಿಣಮಿಣ ಎನ್ನುವ ಒಂದು ಸಣ್ಣ ಗೆರೆ. ಏನು ಬೇಕೋ ಅದನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿ ಅಪ್ಪಣೆ ಕೊಡಬೇಕು. ಎಲ್ಲರ ಹಾಗೆ ಮೌಸು ಹಿಡಿದು ಕೆಲಸ ಮಾಡಬಾರದೇ ಎಂದು ಕೇಳಿದೆ.

"ಬೆರಳು ಮಾಡಿ ತೋರಿಸಿ ಅದು ಬೇಕು, ಇದು ಬೇಕು ಅನ್ನೋದು ಮಾತು ಬರದ ಕೂಸುಗಳ ಕೆಲಸ," ಎಂದಳು ಅತ್ತೆ. "ನಮಗ ಮಾತು ಬರತೈತಿ. ಹೇಳಿ ಮಾಡಿಸಬೇಕು."

ಅಪ್ಪಣೆ ಕೊಟ್ಟಳು, ಸರಿ. ಕೇಳಬೇಕಲ್ಲ? ಕನ್ನಡದ ಅಕ್ಷರಗಳನ್ನು ಸಿ.ಡಿ.ಯಿಂದ ಕಂಪ್ಯೂಟರಿಗೆ ಹಾಕಿದ್ದಾಗಿತ್ತು. ಆದರೂ ಅದು ಪ್ರತಿ ಸಲ ಅಕ್ಷರ ಸಿಗಲಿಲ್ಲ ಎಂದೇ ವರದಿ ಒಪ್ಪಿಸುತ್ತಿತ್ತು. ಎಲ್ಲಿಟ್ಟಿದ್ದೇವೆ ಎಂದು ನಾವೇ ಅದಕ್ಕೆ ದಾರಿ ಬರೆದುಕೊಡಬೇಕಂತೆ. ಅತ್ತೆ ಶಾಲೆ ಬಿಟ್ಟ ಮೇಲೆ ಸಂಜೆಯೆಲ್ಲ ದಾರಿ ಬರೆಯುತ್ತ ಕೂತಳು. ಇನ್ನೇನು ಅಕ್ಷರ ಸಿಕ್ಕಿತು ಎನ್ನುವಾಗ ಕರೆಂಟು ಹೋಗುತ್ತಿತ್ತು.

"ಇಲ್ಲೇ ಅದಾವ, ಮುಂದ ಅದಾವ, ಕಣ್ಣು ಕಾಣಂಗಿಲ್ಲೇನು ನಿನಗ?" ಎಂದು ಅವಳು ಪರದೆಗೆ ಬೈಯುವುದು ಬೀದಿಗೆ ಕೇಳುತ್ತಿತ್ತು. ಪಕ್ಕದ ಮನೆಯಾಕೆ ಕಾಂಪೌಂಡಿನಾಚೆಯಿಂದ ಅಮ್ಮನನ್ನು ವಿಚಾರಿಸಿಕೊಂಡಳು: "ಟೀಚರಮ್ಮಗ ಯಾರನ್ನರ ನೋಡೀರೇನ್ರಿ? ಗಂಡನ ಜೋಡಿ ಮಾತಾಡಿದಂಗ ಕೇಳಸ್ತೈತಿ."

ಅಂತೂ ಅಕ್ಷರ ಸಿಕ್ಕವು. ಆಮೇಲೆ ಬೇರೆ ದೂರು ಶುರುವಾಯಿತು. ಆ ತಂತ್ರಾಂಶದ ಲೆಕ್ಕದಲ್ಲಿ ಪ್ರತಿ ಸಾಲೂ ಒಂದು ಡಬ್ಬಿ. ಪದಗಳು ಸಾಲದಿದ್ದರೆ ಡಬ್ಬಿ ತುಂಬಿಲ್ಲ ಎನ್ನುತ್ತದೆ, ಹೆಚ್ಚಾದರೆ ಡಬ್ಬಿ ಚೆಲ್ಲಿದೆ ಎನ್ನುತ್ತದೆ. ಒಂದು ದಿನ ಅತ್ತೆ ನಡುಮನೆಯಿಂದ, "ಡಬ್ಬಿ ತುಂಬಿ ಹೊರಗ ಚೆಲ್ಲೈತಿ ನೋಡು" ಎಂದು ಕೂಗಿದಳು. ಅಮ್ಮ ಹಿಟ್ಟಿನ ಕೈಯಲ್ಲೇ ಓಡಿಬಂದಳು.

"ಯಾವ ಡಬ್ಬಿ? ಮಂಡಕ್ಕಿದೋ, ಅವಲಕ್ಕಿದೋ?"

"ಮೂರನೇ ಸಾಲಿಂದು ಅತ್ತಿಗಿ."

ಅಂದು ರೊಟ್ಟಿ ಹೊತ್ತಿತು. ಹೊತ್ತಿದ್ದು ಯಾರಿಂದ ಎಂಬ ಬಗ್ಗೆ ಎರಡು ದಿನ ಚರ್ಚೆ ನಡೆಯಿತು.

ಸಾಲು ಎಷ್ಟು ಅಂದಗೆಟ್ಟಿದೆ ಎಂಬುದಕ್ಕೂ ಆ ತಂತ್ರಾಂಶ ಅಂಕ ಕೊಡುತ್ತದೆ. ಅತ್ತೆ ಅದಕ್ಕೆ 'ಕೆಟ್ಟತನ' ಎಂದು ಹೆಸರಿಟ್ಟಳು. ತೀರಾ ಕೆಟ್ಟ ಸಾಲಿಗೆ ಹತ್ತು ಸಾವಿರ. ಟೀಚರ ಕೈಗೆ ಇಂಥ ಅಳತೆ ಸಿಕ್ಕರೆ ಸುಮ್ಮನಿರುತ್ತಾಳೆಯೇ? ನನ್ನನ್ನು ನೋಡಲು ಗಂಡಿನ ಕಡೆಯವರು ಬಂದು ಹೋದಾಗಲೆಲ್ಲ ಬಾಗಿಲು ಹಾಕಿ ಅಂಕ ಹೇಳುತ್ತಿದ್ದಳು. ಕೂಡ್ಲಿಗಿಯವರಿಗೆ ಎಂಟು ಸಾವಿರ ಬಿತ್ತು. ಹರಪನಹಳ್ಳಿಯಿಂದ ಬಂದ ಮಲ್ಲಿಕಾರ್ಜುನ ಎಂಬ ಹುಡುಗನಿಗೆ ಮಾತ್ರ, "ಸೊನ್ನೆ ಅನ್ನಂಗಿಲ್ಲ, ಹತ್ತೋ ಇಪ್ಪತ್ತೋ ಇರಬೇಕು. ನಡೀತೈತಿ" ಎಂದಳು. ಲಗ್ನ ಗೊತ್ತಾಯಿತು.

ಲಗ್ನಪತ್ರಿಕೆಯನ್ನು ತಾನೇ ಜೋಡಿಸುತ್ತೇನೆಂದು ಅತ್ತೆ ಹಟ ಹಿಡಿದಳು. ಕರಡನ್ನು ಮನೆಯ ಪ್ರಿಂಟರಿನಲ್ಲಿ ಕರಕರ ಎನಿಸಿ ಬೀಗರಿಗೆ ಕಳಿಸಿದಳು. ಮರುದಿನವೇ ಗಂಡಿನ ಸೋದರಮಾವ ಕರಡು ಹಿಡಿದುಕೊಂಡು ಬಂದರು.

"ಟೀಚರ್ರೇ, ನಮ್ಮ ಹುಡುಗನ್ನ ಹುಡುಗಿ ಮಾಡೀರಲ್ರಿ."

ನೋಡಿದರೆ ತಂತ್ರಾಂಶ ಹೆಸರನ್ನು ಸಾಲಿನ ಕೊನೆಯಲ್ಲಿ ಮುರಿದಿತ್ತು. 'ಚಿ. ಮಲ್ಲಿಕಾ' ಎಂದು ಮೇಲಿನ ಸಾಲಿನಲ್ಲಿ, 'ರ್ಜುನ' ಎಂದು ಕೆಳಗಿನ ಸಾಲಿನಲ್ಲಿ. ನಾನು ಯಾರೋ ಮಲ್ಲಿಕಾಳನ್ನು ವರಿಸಲಿದ್ದೆ. ಅತ್ತೆ ಅವರನ್ನು ಕೂರಿಸಿ, ಅವರ ಎದುರಿಗೇ ಒಂದು ಅಪ್ಪಣೆ ಬರೆದು ಪರದೆ ತೋರಿಸಿದಳು.

"ನಿಮ್ಮ ಹುಡುಗನ್ನ ಡಬ್ಬಿಯೊಳಗ ಕೂರಿಸೀನ್ರಿ. ಇನ್ನ ಮುರಿಯಂಗಿಲ್ಲ."

"ಉಸಿರಾಡಾಕ ಜಾಗ ಬಿಟ್ಟೀರಿಲ್ಲ?" ಎಂದು ಕೇಳಿ ಅವರು ಚಹಾ ಕುಡಿದು ಹೋದರು.

ತಿದ್ದಿದ ಕರಡನ್ನು ನೋಡಲು ಕೊಟ್ಟೂರಿನಿಂದ ದೊಡ್ಡಪ್ಪ ಬಂದ. ಅಪ್ಪನ ಅಣ್ಣ, ಮನೆತನಕ್ಕೆ ಹಿರಿಯ. ಒಳ್ಳೆಯ ಮನುಷ್ಯ, ಲಗ್ನದ ಓಡಾಟವನ್ನೆಲ್ಲ ಮೈಮೇಲೆ ಹಾಕಿಕೊಂಡಿದ್ದ. ಮೇಲಿನಿಂದ ತಲೆದೂಗುತ್ತ ಓದಿಕೊಂಡು ಬಂದವನು ಕೆಳಗೆ ಬಂದು ನಿಂತುಬಿಟ್ಟ. 'ತಮ್ಮ ಆಗಮನವನ್ನು ಬಯಸುವ' ಎಂಬ ಸಾಲಿನ ಕೆಳಗೆ ಒಂದೇ ಹೆಸರಿತ್ತು. ಅಮ್ಮನದು.

ನಮ್ಮ ಮನೆತನದಲ್ಲಿ ಗಂಡ ತೀರಿಕೊಂಡವರ ಹೆಸರನ್ನು ಆ ಜಾಗದಲ್ಲಿ ಹಾಕುತ್ತಿರಲಿಲ್ಲ. ಮದುವೆ ಅಮ್ಮನ ಮಗಳದೇ ಆದರೂ ಊರನ್ನು ಕರೆಯುವವನು ದೊಡ್ಡಪ್ಪ.

"ಇದು ತಪ್ಪೈತಿ," ಎಂದ ಮೆಲ್ಲಗೆ. "ಇಲ್ಲಿ ನನ್ನ ಹೆಸರು ಬರಬೇಕು. ತಿದ್ದವ್ವ."

ಅತ್ತೆ ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡಳು. "ತಿದ್ದಾಕ ಬರಂಗಿಲ್ಲಣ್ಣ. ಈ ಮಶೀನು ನನ್ನ ಮಾತು ಕೇಳಂಗಿಲ್ಲ."

ದೊಡ್ಡಪ್ಪ ಎದ್ದು ಹೋಗಿ ಪರದೆಯ ಮುಂದೆ ನಿಂತ. ಎಲ್ಲಿ ಬೆರಳಿಡಬೇಕೆಂದು ತಿಳಿಯಲಿಲ್ಲ. ತಂಗಿಯ ಮುಖವನ್ನು ಬಹಳ ಹೊತ್ತು ನೋಡಿದ. ಅವನಿಗೆ ಎಲ್ಲ ತಿಳಿಯಿತು ಎಂದೇ ನನ್ನ ಅನಿಸಿಕೆ.

"ಅಕ್ಷರ ಚೊಲೊ ಬಂದಾವ," ಎಂದು ಹೇಳಿ ಕರಡನ್ನು ಅವಳ ಕೈಗೆ ಕೊಟ್ಟು ಬಸ್ಸಿಗೆ ಹೊರಟ.

ಅವನು ಹೋದ ಮೇಲೆ ಅಮ್ಮ ಅತ್ತೆಯ ಮೇಲೆ ಹರಿಹಾಯ್ದಳು. "ಯಾಕ ಹಿಂಗ ಮಾಡಿದಿ? ಮಂದಿ ಏನಂದಾರು?"

"ಪ್ರೆಸ್ಸಿಗೆ ಕೊಟ್ಟಿದ್ದರ ಕರಡು ಸೀದಾ ಅಣ್ಣನ ಕೈಗೆ ಹೋಗ್ತಿತ್ತು ಅತ್ತಿಗಿ. ನಿನ್ನ ಹೆಸರು ಅಲ್ಲೇ ಹೋಗ್ತಿತ್ತು," ಎಂದಳು ಅತ್ತೆ. "ಆಕಿನ್ನ ಬೆಳಸಿದಾಕಿ ನೀನು. ಕರಿಯಾಕಿನೂ ನೀನ ಆಗಬೇಕು."

ನಮ್ಮ ಮನೆಯಲ್ಲಿ ಜಗಳ ಅರ್ಧಕ್ಕೆ ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು.

ಅತ್ತೆ ಹೊಸಪೇಟೆಗೆ ಹೋಗಿ ಪತ್ರಿಕೆಗಳನ್ನು ಅಚ್ಚು ಮಾಡಿಸಿಕೊಂಡು ಬಂದಳು. ಹಂಚಲು ಅಮ್ಮ, ಅತ್ತೆ ಇಬ್ಬರೂ ಕೂಡಿ ಹಡಗಲಿಗೆ ಹೋದರು. ಅಲ್ಲಿ ನೆಂಟರ ಮನೆಯ ಪಡಸಾಲೆಯಲ್ಲಿ ಕೂತಿದ್ದ ಮುದುಕರೊಬ್ಬರು, ಅಮ್ಮ ಹೊಸ್ತಿಲಾಚೆಯೇ ನಿಂತದ್ದನ್ನು ಕಂಡು, "ಕರಿಯಾಕ ಯಾರು ಬಂದೀರವ್ವ?" ಎಂದು ಕೇಳಿದರಂತೆ. ಅತ್ತೆ ಬಾಯಿ ತೆರೆದಿದ್ದಳು. ಅಷ್ಟರಲ್ಲಿ ಅಮ್ಮ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಪತ್ರಿಕೆಯನ್ನು ಎರಡೂ ಕೈಯಲ್ಲಿ ಹಿಡಿದು, ಒಳಗೆ ಹೆಜ್ಜೆ ಇಟ್ಟಳಂತೆ.

"ನಾನ ಬಂದೀನ್ರಿ. ನನ್ನ ಮಗಳ ಲಗ್ನ ಐತಿ, ಎಲ್ಲಾರೂ ಬರಬೇಕು."